ಹೆದ್ದಾರಿಯಲ್ಲಿ ಕಾರಿನ ಸಹಾಯ: ಎಷ್ಟು ನಂಬಬೇಕು, ಯಾವಾಗ ವಾಪಸ್ ತಗೋಬೇಕು

ಕಾರು ತಾನೇ ವೇಗ ಏರಿಸುತ್ತದೆ, ತಾನೇ ಇಳಿಸುತ್ತದೆ. ಲೇನಿನ ನಡುವೆ ಉಳಿಯಲು ಸ್ಟೀರಿಂಗನ್ನು ತಾನೇ ಮೆಲ್ಲಗೆ ತಿರುಗಿಸುತ್ತದೆ. ಇಂಥ ಕಾರಿನಲ್ಲಿ ಹೆದ್ದಾರಿಗೆ ಇಳಿದವರಲ್ಲಿ ಎರಡು ಬಗೆಯವರು ಸಿಗುತ್ತಾರೆ. ಕೆಲವರು ಬೀಪ್ ಸದ್ದಿಗೆ ತಲೆಕೆಟ್ಟು ಎಲ್ಲವನ್ನೂ ಆಫ್ ಮಾಡಿಬಿಡುತ್ತಾರೆ. ಇನ್ನು ಕೆಲವರು ಒಂದು ಗಂಟೆ ಎಲ್ಲ ಸರಿಯಾಗಿ ನಡೆದದ್ದು ನೋಡಿ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. ಮೊದಲನೆಯವರು ದುಡ್ಡು ಕೊಟ್ಟು ತಂದ ಸುರಕ್ಷತೆಯನ್ನು ಸುಮ್ನೆ ಬಿಟ್ಟುಕೊಟ್ಟಂತೆ. ಎರಡನೆಯವರು ಜೀವವನ್ನೇ ಪಣಕ್ಕಿಟ್ಟಂತೆ.

ಈ ಎರಡರ ನಡುವೆ ನೆಮ್ಮದಿಯ ದಾರಿ ಒಂದಿದೆ. ಕಾರಿಗೆ ಏನು ಕಾಣುತ್ತದೆ, ಏನು ಕಾಣುವುದಿಲ್ಲ ಅಂತ ತಿಳಿದುಕೊಂಡರೆ ಸಾಕು, ಅದು ಎಡವುವ ಜಾಗಗಳು ನಮಗೆ ಮುಂಚೆಯೇ ಗೊತ್ತಾಗುತ್ತವೆ. ಆಗ ಕಾರು ಬೀಪ್ ಮಾಡುವ ತನಕ ಕಾಯಬೇಕಿಲ್ಲ. ಅದಕ್ಕೂ ಮೊದಲೇ ಗಾಡಿ ನಮ್ಮ ಕೈಗೆ ಬಂದಿರುತ್ತದೆ.

ಯಾರು ಓಡಿಸುತ್ತಿದ್ದಾರೆ?

ಈ ಸೌಲಭ್ಯಗಳನ್ನೆಲ್ಲ ಒಟ್ಟಾಗಿ ಅಡಾಸ್ ಅನ್ನುತ್ತಾರೆ. ಹೆಸರು ಒಂದೇ ಆದರೂ ಒಳಗಿರುವುದು ಎರಡು ಜಾತಿಯ ಕೆಲಸ. ಕೆಲವು ಸುಮ್ಮನೆ ಕಾಯುತ್ತಾ ಇರುತ್ತವೆ, ಅಪಾಯ ಬಂದಾಗ ಮಾತ್ರ ಎದ್ದು ಬರುತ್ತವೆ. ತುರ್ತಾಗಿ ಬ್ರೇಕ್ ಹಾಕುವ ಎಇಬಿ, ಪಕ್ಕದಲ್ಲಿ ಗಾಡಿ ಇದ್ದರೆ ಕನ್ನಡಿಯಲ್ಲಿ ದೀಪ ತೋರಿಸುವ ಬ್ಲೈಂಡ್ ಸ್ಪಾಟ್ ಎಚ್ಚರಿಕೆ ಇಂಥವು. ಇನ್ನು ಕೆಲವು ಎಡೆಬಿಡದೆ ಕೆಲಸ ಮಾಡುತ್ತವೆ. ಮುಂದಿನ ಗಾಡಿಯಿಂದ ಅಂತರ ಕಾಯುವ ಅಡಾಪ್ಟಿವ್ ಕ್ರೂಸ್ ಕಂಟ್ರೋಲ್ ಮತ್ತು ಕಾರನ್ನು ಲೇನಿನ ನಡುವೆ ಹಿಡಿದಿಡುವ ಲೇನ್ ಸೆಂಟರಿಂಗ್ ಈ ಸಾಲಿಗೆ ಸೇರುತ್ತವೆ.

ಮೊದಲ ಜಾತಿಯವನ್ನು ಯಾವತ್ತೂ ಆಫ್ ಮಾಡಬೇಡಿ. ಎಇಬಿ ಇರುವ ಕಾರುಗಳು ಮುಂದಿನ ಗಾಡಿಗೆ ಹೋಗಿ ಗುದ್ದುವ ಅಪಘಾತಗಳು ಸುಮಾರು ಅರ್ಧಕ್ಕೆ ಇಳಿದಿವೆ ಎಂದು ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಐಐಎಚ್‌ಎಸ್ ಲೆಕ್ಕ ಹಾಕಿ ತೋರಿಸಿದೆ. ಯುರೋಪಿನ ಒಕ್ಕೂಟದಲ್ಲಿ 2024ರ ಜುಲೈನಿಂದ ಹೊಸದಾಗಿ ಮಾರಾಟವಾಗುವ ಎಲ್ಲ ಕಾರುಗಳಲ್ಲೂ ಇದು ಕಡ್ಡಾಯ. ಎರಡನೇ ಜಾತಿಯ ವಿಷಯ ಬೇರೆ. ವೇಗ ಮತ್ತು ಸ್ಟೀರಿಂಗ್ ಎರಡನ್ನೂ ನೋಡಿಕೊಳ್ಳುವ ವ್ಯವಸ್ಥೆಗಳು ಅಪಘಾತ ತಪ್ಪಿಸುತ್ತವೆ ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ, ಅವನ್ನು ಅನುಕೂಲ ಎಂದಷ್ಟೇ ನೋಡಬೇಕು ಎಂದು ಅದೇ ಸಂಸ್ಥೆ 2024ರಲ್ಲಿ ಹೇಳಿತು. ನನ್ನ ಅಭಿಪ್ರಾಯವೂ ಇದೇ. ಅನುಕೂಲವೇನೂ ಸಣ್ಣದಲ್ಲ. ಐದಾರು ಗಂಟೆ ಓಡಿಸಿ ಇಳಿದಾಗ ಕಾಲಿಗೆ, ಭುಜಕ್ಕೆ ಆಗುವ ವ್ಯತ್ಯಾಸ ಅನುಭವಿಸಿದವರಿಗೆ ಗೊತ್ತು. ಅದನ್ನೇ ಸುರಕ್ಷತೆ ಅಂದುಕೊಂಡರೆ ಮಾತ್ರ ಕಷ್ಟ.

ಇನ್ನು ಹಂತಗಳ ಮಾತು. ಎಸ್‌ಎಇ ಎಂಬ ಎಂಜಿನಿಯರುಗಳ ಸಂಸ್ಥೆ 2014ರಲ್ಲಿ 0ರಿಂದ 5ರವರೆಗೆ ಹಂತಗಳನ್ನು ಗುರುತಿಸಿತು. ವೇಗ, ಸ್ಟೀರಿಂಗ್ ಇವೆರಡರಲ್ಲಿ ಒಂದನ್ನು ಕಾರು ನೋಡಿಕೊಂಡರೆ 1ನೇ ಹಂತ. ಎರಡನ್ನೂ ಒಟ್ಟಿಗೆ ನೋಡಿಕೊಂಡರೆ 2ನೇ ಹಂತ. ಇವತ್ತು ಜನ ಕೊಳ್ಳುವ ಕಾರುಗಳಲ್ಲಿ ಇರುವುದು ಬಹುತೇಕ ಇಷ್ಟೇ. ಕೆಲವು ಷರತ್ತುಗಳೊಳಗೆ ಕಣ್ಣು ರಸ್ತೆಯಿಂದ ತೆಗೆಯಬಹುದಾದದ್ದು 3ನೇ ಹಂತದಿಂದ. ಅಂಥ ಮೊದಲ ಕಾರು, ಹೋಂಡಾ ಲೆಜೆಂಡ್, ಜಪಾನಿನಲ್ಲಿ 2021ರಲ್ಲಿ ಬಂತು. ಅದೂ ಟ್ರಾಫಿಕ್ ಜಾಮಿನಲ್ಲಿ ತೆವಳುವಾಗ ಮಾತ್ರ. ನಿಮ್ಮ ಕಾರು 2ನೇ ಹಂತದ್ದಾದರೆ, ಅದು ಎಷ್ಟೇ ಚೆನ್ನಾಗಿ ಹೋಗುತ್ತಿರಲಿ, ಓಡಿಸುತ್ತಿರುವವರು ನೀವೇ.

ಅಂತರ ಕಾಯುವ ಕ್ರೂಸ್

ಹಳೆಯ ಕ್ರೂಸ್ ಕಂಟ್ರೋಲ್‌ಗೆ ಒಂದೇ ಕೆಲಸ: ಕೊಟ್ಟ ವೇಗ ಕಾಯುವುದು. ಅದನ್ನು ಕಂಡುಹಿಡಿದ ರಾಲ್ಫ್ ಟೀಟರ್ ಐದನೇ ವಯಸ್ಸಿನಲ್ಲೇ ಕಣ್ಣು ಕಳೆದುಕೊಂಡಿದ್ದ ಎಂಜಿನಿಯರ್. ಬೇರೆಯವರು ಓಡಿಸುವಾಗ ಪಕ್ಕದಲ್ಲಿ ಕೂತು, ವೇಗ ಹೆಚ್ಚುಕಡಿಮೆ ಆಗುವುದು ಮೈಗೆ ತಟ್ಟಿ ತಟ್ಟಿ ಅವರಿಗೆ ಈ ಯೋಚನೆ ಬಂತು ಎನ್ನುತ್ತಾರೆ. 1950ರಲ್ಲಿ ಪೇಟೆಂಟ್ ಸಿಕ್ಕಿತು, 1958ರಲ್ಲಿ ಕ್ರೈಸ್ಲರ್ ಕಾರುಗಳಲ್ಲಿ ಬಂತು. ಮುಂದಿನ ಗಾಡಿಯನ್ನು ನೋಡಿ ತಾನೇ ನಿಧಾನವಾಗುವ ಬುದ್ಧಿ ಬರಲು 1990ರ ದಶಕ ಕಾಯಬೇಕಾಯಿತು.

ಆ ಬುದ್ಧಿ ಬರುವುದು ಮುಂದಿನ ಬಂಪರ್ ಅಥವಾ ಗ್ರಿಲ್ ಹಿಂದೆ ಕೂತಿರುವ ಪುಟ್ಟ ರೇಡಾರಿನಿಂದ. ಅದು 77 ಗಿಗಾಹರ್ಟ್ಸ್ ಆಸುಪಾಸಿನ ಅಲೆ ಬಿಡುತ್ತದೆ. ಅಲೆ ಮುಂದಿನ ಗಾಡಿಗೆ ತಾಗಿ ಮರಳಿ ಬರಲು ಹಿಡಿದ ಸಮಯದಿಂದ ದೂರ ತಿಳಿಯುತ್ತದೆ. ವೇಗ ತಿಳಿಯುವುದು ಇನ್ನೊಂದು ರೀತಿ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ, ದಾಟಿ ಹೋದ ಮೇಲೆ ದಪ್ಪವಾಗಿ ಕೇಳುತ್ತದೆ ಅಲ್ವಾ? ಮರಳಿ ಬರುವ ರೇಡಾರ್ ಅಲೆಯಲ್ಲೂ ಇದೇ ತರಹದ ಬದಲಾವಣೆ ಆಗುತ್ತದೆ. ಅದನ್ನು ಅಳೆದು, ಮುಂದಿನ ಗಾಡಿ ಹತ್ತಿರವಾಗುತ್ತಿದೆಯೋ ದೂರವಾಗುತ್ತಿದೆಯೋ, ಎಷ್ಟು ಬೇಗ ಎಂದು ಕಾರು ಲೆಕ್ಕ ಹಾಕುತ್ತದೆ. ಮಂಜು, ಕತ್ತಲೆ ಇದಕ್ಕೆ ಅಷ್ಟಾಗಿ ಅಡ್ಡಿಯಲ್ಲ. ಈ ಒಂದು ವಿಷಯದಲ್ಲಿ ಅದು ನಮ್ಮ ಕಣ್ಣಿಗಿಂತ ಮೇಲು.

ಸ್ಟೀರಿಂಗ್ ಮೇಲೆ ಅಂತರದ ಬಟನ್ ಇರುತ್ತದೆ. ಒತ್ತಿದರೆ ಪರದೆಯಲ್ಲಿ ಎರಡು ಕಾರುಗಳ ನಡುವಿನ ಗೆರೆಗಳು ಹೆಚ್ಚುಕಡಿಮೆ ಆಗುತ್ತವೆ. ಆ ಗೆರೆಗಳು ಮೀಟರ್ ಲೆಕ್ಕದವಲ್ಲ, ಸಮಯದ ಲೆಕ್ಕದವು. ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಅಂತರ ಒಂದು ಸೆಕೆಂಡಿಗೆ ಇಟ್ಟರೆ ಮುಂದೆ ಅಷ್ಟೇ ಜಾಗ ಉಳಿಯುತ್ತದೆ. ಎರಡು ಸೆಕೆಂಡಿಗೆ ಇಟ್ಟರೆ ಸುಮಾರು 56 ಮೀಟರ್. ಜಾಸ್ತಿ ಅಂತರ ಇಟ್ಟರೆ ಎಲ್ಲರೂ ನಡುವೆ ನುಗ್ಗುತ್ತಾರೆ ಎಂದು ಹಲವರು ಕಡಿಮೆ ಗೆರೆಗೇ ಇಡುತ್ತಾರೆ. ನುಗ್ಗಲಿ ಬಿಡಿ. ಒಬ್ಬರು ನುಗ್ಗಿದರೆ ನಾವು ತಲುಪುವುದು ಒಂದೆರಡು ಸೆಕೆಂಡ್ ತಡವಾಗುತ್ತದೆ, ಅಷ್ಟೇ. ದೊಡ್ಡ ಅಂತರಕ್ಕೆ ಇನ್ನೊಂದು ಲಾಭವೂ ಇದೆ. ಮುಂದಿನ ಗಾಡಿಯಾಚೆಯ ರಸ್ತೆ ನಮ್ಮ ಕಣ್ಣಿಗೆ ಬೀಳುತ್ತದೆ. ಇದು ಎಷ್ಟು ಮುಖ್ಯ ಅನ್ನುವುದಕ್ಕೆ ಮುಂದಿನ ಭಾಗ ಓದಿ.

ನಿಂತ ಲಾರಿ

ಅಡಾಪ್ಟಿವ್ ಕ್ರೂಸ್ ಬಳಸುವವರು ಬೇರೇನೂ ನೆನಪಿಡದಿದ್ದರೂ ಇದೊಂದನ್ನು ಮರೆಯಬಾರದು: ಚಲಿಸುವ ಗಾಡಿಯನ್ನು ಹಿಂಬಾಲಿಸುವುದರಲ್ಲಿ ಅದು ಜಾಣ, ನಿಂತ ಗಾಡಿಯ ವಿಷಯದಲ್ಲಿ ದಡ್ಡ.

ಕಾರಣ ರೇಡಾರಿನ ಲೆಕ್ಕದಲ್ಲೇ ಇದೆ. ನಾವು 100ರಲ್ಲಿ ಹೋಗುತ್ತಿದ್ದರೆ, ನಿಂತ ವಸ್ತುಗಳೆಲ್ಲ ಅದರ ಪಾಲಿಗೆ 100ರ ವೇಗದಲ್ಲಿ ಎದುರು ಬರುತ್ತಿರುವಂತೆ. ತಲೆಯ ಮೇಲಿನ ಬೋರ್ಡು, ಮೇಲ್ಸೇತುವೆ, ಪಕ್ಕದ ಕಬ್ಬಿಣದ ತಡೆಬೇಲಿ, ರಸ್ತೆ ಮೇಲೆ ಬಿದ್ದ ಡಬ್ಬ ಎಲ್ಲವೂ ಅಲೆಯನ್ನು ಮರಳಿಸುತ್ತವೆ. ಸಾಮಾನ್ಯ ರೇಡಾರಿಗೆ ಎತ್ತರ ಸರಿಯಾಗಿ ಗೊತ್ತಾಗುವುದಿಲ್ಲ. ಸೇತುವೆ ಮೇಲಿದೆಯೋ ದಾರಿಗೆ ಅಡ್ಡವಾಗಿದೆಯೋ ಎಂದು ಬೇರ್ಪಡಿಸುವುದು ಅದಕ್ಕೆ ಕಷ್ಟ. ಪ್ರತಿ ಬೋರ್ಡಿಗೂ ಬ್ರೇಕ್ ಹಾಕಿದರೆ ಹಿಂದಿನವರು ಬಂದು ಗುದ್ದುತ್ತಾರೆ. ಹಾಗಾಗಿ ವೇಗ ಹೆಚ್ಚಿದ್ದಾಗ ನಿಂತ ವಸ್ತುಗಳ ಸಂಕೇತಕ್ಕೆ ಬೆಲೆ ಕೊಡದಂತೆ ಮಾಡಿರುತ್ತಾರೆ. ಕ್ಯಾಮೆರಾವೂ ಸೇರಿಕೊಂಡ ಹೊಸ ವ್ಯವಸ್ಥೆಗಳು ಈ ವಿಷಯದಲ್ಲಿ ಎಷ್ಟೋ ಸುಧಾರಿಸಿವೆ. ಆದರೂ ಕಾರಿನ ಜೊತೆ ಬರುವ ಪುಸ್ತಕ ತೆಗೆದು ನೋಡಿ. ನಿಂತ ಗಾಡಿಗೆ ಬ್ರೇಕ್ ಹಾಕದೇ ಇರಬಹುದು ಅನ್ನುವ ಎಚ್ಚರಿಕೆ ಅದರಲ್ಲಿ ಸಿಗುತ್ತದೆ.

ಅತಿ ಕೆಟ್ಟ ಸನ್ನಿವೇಶ ಇದು. ನೀವು ಒಂದು ವ್ಯಾನಿನ ಹಿಂದೆ 100ರಲ್ಲಿ ಹೋಗುತ್ತಿದ್ದೀರಿ. ಮುಂದೆ ಅದೇ ಲೇನಿನಲ್ಲಿ ಕೆಟ್ಟು ನಿಂತ ಲಾರಿ ಇದೆ, ವ್ಯಾನ್ ಅಡ್ಡ ಇರುವುದರಿಂದ ನಿಮಗೂ ಕಾಣದು, ಕಾರಿಗೂ ಕಾಣದು. ವ್ಯಾನಿನವರು ಕೊನೆ ಗಳಿಗೆಯಲ್ಲಿ ಪಕ್ಕಕ್ಕೆ ತಿರುಗಿಸುತ್ತಾರೆ. ಲಾರಿ ಈಗ 100 ಮೀಟರ್ ದೂರದಲ್ಲಿದೆ. ಹೆದ್ದಾರಿ ವೇಗದಲ್ಲಿ ಅಡಾಪ್ಟಿವ್ ಕ್ರೂಸ್ ಎಷ್ಟು ಜೋರಾಗಿ ಬ್ರೇಕ್ ಹಾಕಬಹುದು ಎನ್ನುವುದಕ್ಕೆ ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನದಂಡ ಮಿತಿ ಹಾಕಿದೆ: ಪ್ರತಿ ಸೆಕೆಂಡಿಗೆ ವೇಗ ಸೆಕೆಂಡಿಗೆ 3.5 ಮೀಟರಿನಷ್ಟು ಇಳಿಯಬಹುದು. ಒಣ ರಸ್ತೆಯಲ್ಲಿ ಪೂರ್ತಿ ಬ್ರೇಕ್ ತುಳಿದರೆ ಸಿಗುವುದರ ಅರ್ಧಕ್ಕಿಂತ ಕಡಿಮೆ ಇದು. ಈ ಮಿತಿಯಲ್ಲಿ 100ರಿಂದ ನಿಲ್ಲಲು ಸುಮಾರು 110 ಮೀಟರ್ ಬೇಕು. ಅಂದರೆ ಲಾರಿಯನ್ನು ಆ ಕ್ಷಣವೇ ಗುರುತಿಸಿದರೂ ಕ್ರೂಸ್ ಒಂದರಿಂದಲೇ ಗಾಡಿ ನಿಲ್ಲುವುದಿಲ್ಲ. ರಸ್ತೆ ಮೇಲೆ ಕಣ್ಣಿಟ್ಟಿದ್ದ ಚಾಲಕರಿಗೆ ಎಚ್ಚೆತ್ತು ಬ್ರೇಕ್ ತುಳಿಯಲು ಒಂದೂವರೆ ಸೆಕೆಂಡ್ ಹಿಡಿದರೆ 42 ಮೀಟರ್ ಹೋಯಿತು. ಪೂರ್ತಿ ಬ್ರೇಕಿನಲ್ಲಿ ನಿಲ್ಲಲು ಇನ್ನೊಂದು 48 ಮೀಟರ್. ಒಟ್ಟು 90. ಕೂದಲೆಳೆಯಲ್ಲಿ ಪಾರು. ಅದೇ ಚಾಲಕರು ಅರ್ಧ ಸೆಕೆಂಡ್ ಮೊಬೈಲ್ ನೋಡಿದ್ದರೆ ಈ ಲೆಕ್ಕ ಅಲ್ಲೇ ಮುಗಿಯಿತು.

ಎಇಬಿ ಇದೆಯಲ್ಲ ಅನ್ನಬಹುದು. ಇದೆ, ಅದು ಪೂರ್ತಿ ಜೋರಾಗಿಯೇ ಬ್ರೇಕ್ ಹಾಕುತ್ತದೆ. ಸುಳ್ಳು ಎಚ್ಚರಿಕೆಗೆಲ್ಲ ಬ್ರೇಕ್ ಬೀಳಬಾರದು ಎಂದು ಅದನ್ನು ಕೊನೆ ಕ್ಷಣಕ್ಕೆ ಇಟ್ಟಿರುತ್ತಾರೆ. ನಗರದ ವೇಗದಲ್ಲಿ ಅದು ಗುದ್ದುವುದನ್ನೇ ತಪ್ಪಿಸಬಹುದು. ಹೆದ್ದಾರಿ ವೇಗದಲ್ಲಿ ಹಲವು ಸಲ ಅದರಿಂದ ಆಗುವುದು ಹೊಡೆತದ ಜೋರು ತಗ್ಗಿಸುವುದು. ಅದೂ ಜೀವ ಉಳಿಸುವ ಕೆಲಸವೇ, ಆದರೆ ಅದರ ಮೇಲೆ ಭಾರ ಹಾಕಿ ಓಡಿಸುವಂತಿಲ್ಲ.

ಆದ್ದರಿಂದ ನನ್ನ ಅಭ್ಯಾಸ ಹೀಗಿದೆ. ಮುಂದೆ ಎತ್ತರದ ಗಾಡಿ ಬಂದು ಅದರಾಚೆ ಏನೂ ಕಾಣದಿದ್ದರೆ ಅಂತರ ಇನ್ನೂ ಹೆಚ್ಚಿಸುತ್ತೇನೆ, ಇಲ್ಲವೇ ಲೇನ್ ಬದಲಿಸುತ್ತೇನೆ. ದೂರದಲ್ಲಿ ಕೆಂಪು ದೀಪಗಳ ಸಾಲು ಕಂಡ ತಕ್ಷಣ ನಾನೇ ಬ್ರೇಕ್ ಒತ್ತುತ್ತೇನೆ. ಕಾರು ಹಾಕುತ್ತದೋ ನೋಡೋಣ ಎಂದು ಕಾಯುವುದಿಲ್ಲ. ಆ ಕುತೂಹಲ ತುಂಬಾ ದುಬಾರಿ.

ಇದೇ ರೇಡಾರಿನ ಇನ್ನೆರಡು ದೌರ್ಬಲ್ಯಗಳಿವೆ. ಲೇನಿನ ಅಂಚಿನಲ್ಲಿ ಹೋಗುವ ಬೈಕ್ ಅದರ ನೋಟದ ಹರವಿಗೆ ತಡವಾಗಿ ಸಿಗುತ್ತದೆ. ತಿರುವಿನಲ್ಲಿ ಪಕ್ಕದ ಲೇನಿನ ಲಾರಿ ನೇರ ಎದುರಿಗಿದೆ ಅಂದುಕೊಂಡು ಕಾರು ಕಾರಣವಿಲ್ಲದೆ ಬ್ರೇಕ್ ಹಾಕಬಹುದು. ಹಾಗಾದಾಗ ಗಾಬರಿ ಬೇಡ, ಆಕ್ಸಿಲರೇಟರ್ ಮೆಲ್ಲಗೆ ಒತ್ತಿದರೆ ಕ್ರೂಸ್ ಹಾಕಿದ ಬ್ರೇಕ್ ಬಿಡುತ್ತದೆ. ಇದಕ್ಕೆ ಇನ್ನೊಂದು ಮುಖವೂ ಇದೆ: ಕಾಲು ಆಕ್ಸಿಲರೇಟರ್ ಮೇಲಿರುವಷ್ಟು ಹೊತ್ತು ಕ್ರೂಸ್ ಬ್ರೇಕ್ ಹಾಕುವುದಿಲ್ಲ. ಓವರ್‌ಟೇಕ್ ಮುಗಿಸಿ ಕಾಲು ಅಲ್ಲೇ ಮರೆಯುವವರು ಇದನ್ನು ಗಮನಿಸಬೇಕು.

ಬಿಳಿ ಗೆರೆ ಓದುವ ಕ್ಯಾಮೆರಾ

ಲೇನಿನ ವಿಷಯದಲ್ಲಿ ಮೂರು ಬೇರೆ ಬೇರೆ ಸೌಲಭ್ಯಗಳನ್ನು ಜನ ಒಂದೇ ಎಂದುಕೊಳ್ಳುತ್ತಾರೆ. ಒಂದು, ಗೆರೆ ದಾಟಿದರೆ ಬೀಪ್ ಮಾಡುತ್ತದೆ. ಇನ್ನೊಂದು, ಗೆರೆ ಹತ್ತಿರ ಹೋದಾಗ ಒಳಕ್ಕೆ ತಳ್ಳುತ್ತದೆ. ಮೂರನೆಯದು, ಸದಾ ನಡುವಿನಲ್ಲೇ ಹಿಡಿದಿಡುತ್ತದೆ. ನಿಮ್ಮ ಕಾರಿನಲ್ಲಿ ಯಾವುದಿದೆ ಎಂದು ಮೊದಲು ತಿಳಿದುಕೊಳ್ಳಿ. ತಳ್ಳುವ ಸೌಲಭ್ಯ ಮಾತ್ರ ಇರುವ ಕಾರು ತಿರುವಿನಲ್ಲಿ ಒಂದು ಗೆರೆಯಿಂದ ಇನ್ನೊಂದು ಗೆರೆಗೆ ತೂರಾಡುತ್ತಾ ಹೋಗುತ್ತದೆ. ಅದಕ್ಕೆ ಗಾಡಿ ಬಿಟ್ಟುಕೊಡಲೇಬಾರದು.

ಮೂರಕ್ಕೂ ಕಣ್ಣು ಒಂದೇ: ಒಳಗಿನ ಕನ್ನಡಿಯ ಹಿಂದೆ, ಗ್ಲಾಸಿಗೆ ಅಂಟಿಕೊಂಡಿರುವ ಕ್ಯಾಮೆರಾ. ಕಪ್ಪು ರಸ್ತೆಯ ಮೇಲಿನ ಬಿಳಿ ಗೆರೆ ಎದ್ದು ಕಂಡರೆ ಅದಕ್ಕೆ ಎಲ್ಲ ಸಲೀಸು. ಎದುರಿನ ಇಳಿಬಿಸಿಲು, ಮಳೆ ನಿಂತ ರಾತ್ರಿ ರಸ್ತೆಯ ಹೊಳಪು, ಅಳಿಸಿದ ಗೆರೆ, ಕಾಮಗಾರಿ ಜಾಗದಲ್ಲಿ ಹಳೆ ಗೆರೆಯ ಪಕ್ಕ ಬಳಿದ ಹೊಸ ಗೆರೆ, ಲೇನ್ ಸೇರುವ, ಒಡೆಯುವ ಜಾಗ, ಇಲ್ಲೆಲ್ಲ ಅದಕ್ಕೆ ದಾರಿ ತಪ್ಪುತ್ತದೆ.

2018ರ ಮಾರ್ಚ್ 23ರಂದು ಕ್ಯಾಲಿಫೋರ್ನಿಯಾದ ಮೌಂಟೇನ್ ವ್ಯೂ ಬಳಿ ನಡೆದ ಅಪಘಾತವನ್ನು ಅಮೆರಿಕದಲ್ಲಿ ಸಾರಿಗೆ ಅಪಘಾತಗಳ ತನಿಖೆ ಮಾಡುವ ಎನ್‌ಟಿಎಸ್‌ಬಿ ಸಂಸ್ಥೆ ಕ್ಷಣಕ್ಷಣದ ಲೆಕ್ಕ ಹಾಕಿ ತನಿಖೆ ಮಾಡಿದೆ. ಟೆಸ್ಲಾ ಮಾಡೆಲ್ ಎಕ್ಸ್ ಕಾರು, ವೇಗ ಮತ್ತು ಸ್ಟೀರಿಂಗ್ ಎರಡನ್ನೂ ನೋಡಿಕೊಳ್ಳುವ ಆಟೋಪೈಲಟ್‌ನಲ್ಲಿ ಇನ್ನೊಂದು ಕಾರನ್ನು ಹಿಂಬಾಲಿಸುತ್ತಿತ್ತು. ರಸ್ತೆ ಎರಡಾಗಿ ಕವಲೊಡೆಯುವ ಕಡೆ ಎರಡರ ಗೆರೆಗಳ ನಡುವೆ ಖಾಲಿ ಜಾಗ ಉಳಿಯುತ್ತದಲ್ಲ, ಅದರೊಳಕ್ಕೆ ಅದು ಮೆಲ್ಲಗೆ ಹೊರಳಿತು. ಆ ಜಾಗದ ಕೊನೆಯಲ್ಲಿ ತಡೆಗೋಡೆ. ಈಗ ಮುಂದೆ ಹಿಂಬಾಲಿಸಲು ಯಾವ ಕಾರೂ ಇರಲಿಲ್ಲ. ಕ್ರೂಸ್‌ಗೆ ಕೊಟ್ಟಿದ್ದ ವೇಗ ಗಂಟೆಗೆ ಸುಮಾರು 120 ಕಿ.ಮೀ. ಕಾರು ತನ್ನ ಕೆಲಸ ಮಾಡಿತು. ಕೊನೆಯ ಮೂರು ಸೆಕೆಂಡುಗಳಲ್ಲಿ ವೇಗ 100ರಿಂದ 114ಕ್ಕೆ ಏರಿತು. ಬ್ರೇಕ್ ಬೀಳಲಿಲ್ಲ, ಸ್ಟೀರಿಂಗ್ ತಿರುಗಲಿಲ್ಲ, ಎಚ್ಚರಿಕೆಯ ಸದ್ದೂ ಆಗಲಿಲ್ಲ. ಕೊನೆಯ ಆರು ಸೆಕೆಂಡ್ ಚಾಲಕರ ಕೈ ಸ್ಟೀರಿಂಗ್ ಮೇಲೆ ಇದ್ದ ಗುರುತಿಲ್ಲ. ಫೋನಿನಲ್ಲಿ ಗೇಮ್ ನಡೆಯುತ್ತಿತ್ತು. ಅವರು ಉಳಿಯಲಿಲ್ಲ.

ಇದರಲ್ಲಿ ನನ್ನನ್ನು ಕಾಡುವುದು ಆ ಏರಿದ ವೇಗ. ಲೇನ್ ನೋಡುವ ಭಾಗ ದಾರಿ ತಪ್ಪಿದ್ದು ವೇಗ ನೋಡುವ ಭಾಗಕ್ಕೆ ಅರ್ಥವಾಗಲಿಲ್ಲ. ಮುಂದೆ ದಾರಿ ಖಾಲಿ ಎಂದಷ್ಟೇ ಅದಕ್ಕೆ ಕಂಡಿತು. ಈ ಗುಣ ಒಂದು ಕಂಪನಿಯ ಕಾರಿಗೆ ಸೀಮಿತವಲ್ಲ. ಹೆದ್ದಾರಿಯಿಂದ ಇಳಿಯುವ ರ‍್ಯಾಂಪಿಗೆ ಕ್ರೂಸ್ ಹಾಕಿಕೊಂಡೇ ತಿರುಗಿಸಿ ನೋಡಿದವರಿಗೆ ಇದು ಗೊತ್ತು. ಮುಂದಿನ ಗಾಡಿ ಮುಖ್ಯ ರಸ್ತೆಯಲ್ಲೇ ಉಳಿಯುತ್ತದೆ, ನಿಮ್ಮ ಮುಂದೆ ಜಾಗ ಖಾಲಿಯಾಗುತ್ತದೆ, ಬಿಗಿಯಾದ ತಿರುವಿನಲ್ಲಿ ಕಾರು ಹುಮ್ಮಸ್ಸಿನಿಂದ ವೇಗ ಏರಿಸತೊಡಗುತ್ತದೆ. ಹಾಗಾಗಿ ಇಂಡಿಕೇಟರ್ ಹಾಕುವ ಮೊದಲೇ ಕ್ರೂಸ್ ಆಫ್ ಆಗಿರಬೇಕು. ಕವಲು ಬರುವಾಗಲೂ ಅಷ್ಟೇ, ಸ್ಟೀರಿಂಗ್ ಎರಡೂ ಕೈಯಲ್ಲಿರಲಿ.

ಸುಮ್ಮನೆ ಕಾಯುವ ಕಷ್ಟ

ಕೈಕಾಲಿನ ಕೆಲಸ ಕಾರಿಗೆ ಹೋದ ಮೇಲೆ ನಮಗೆ ಉಳಿಯುವುದು ಕಾವಲು. ಸುಲಭ ಅನ್ನಿಸುತ್ತದೆ. ನಿಜವಾಗಿ ಮನುಷ್ಯರಿಗೆ ಇದರಷ್ಟು ಕಷ್ಟದ ಕೆಲಸ ಕಡಿಮೆ.

ಎರಡನೇ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ರೇಡಾರ್ ಪರದೆ ನೋಡುವವರು ಹೊತ್ತು ಕಳೆದಂತೆ ಸಂಕೇತಗಳನ್ನು ತಪ್ಪಿಸಿಕೊಳ್ಳುತ್ತಿದ್ದರು. ಮನಃಶಾಸ್ತ್ರಜ್ಞ ನಾರ್ಮನ್ ಮ್ಯಾಕ್‌ವರ್ತ್ ಇದನ್ನು ಪರೀಕ್ಷೆ ಮಾಡಿ 1948ರಲ್ಲಿ ಪ್ರಕಟಿಸಿದರು. ಗಡಿಯಾರದಂಥ ಫಲಕ, ಅದರಲ್ಲಿ ಹೆಜ್ಜೆ ಹೆಜ್ಜೆಯಾಗಿ ಸುತ್ತುವ ಒಂದು ಮುಳ್ಳು. ಅಪರೂಪಕ್ಕೆ ಅದು ಎರಡು ಹೆಜ್ಜೆ ಒಟ್ಟಿಗೆ ಜಿಗಿಯುತ್ತದೆ. ಆಗ ಬಟನ್ ಒತ್ತಬೇಕು, ಅಷ್ಟೇ. ಮೊದಲ ಅರ್ಧ ಗಂಟೆಯೊಳಗೇ ಜನ ಜಿಗಿತಗಳನ್ನು ತಪ್ಪಿಸಿಕೊಳ್ಳಲು ಶುರು ಮಾಡಿದರು. ಇದು ಸೋಮಾರಿತನವಲ್ಲ. ಏನೂ ಆಗದೆ ಇರುವುದನ್ನು ನೋಡುತ್ತಾ ಇರಲು ನಮ್ಮ ಮಿದುಳಿಗೆ ಆಗುವುದಿಲ್ಲ. ಕಾರಿನ ಸಹಾಯ ಚೆನ್ನಾಗಿದ್ದಷ್ಟೂ ನಾವು ಈ ಸ್ಥಿತಿಗೆ ಹತ್ತಿರವಾಗುತ್ತೇವೆ.

ಕಾರು ನಮ್ಮನ್ನು ಎಚ್ಚರವಾಗಿಡಲು ನೋಡುತ್ತದೆ. ಹೆಚ್ಚಿನವು ಸ್ಟೀರಿಂಗ್ ಮೇಲೆ ಕೈಯಿಂದ ಬೀಳುವ ಸಣ್ಣ ಬಲವನ್ನು ಅಳೆಯುತ್ತವೆ, ಕೆಲವು ಕೈ ತಾಗಿದ್ದನ್ನೇ ಗುರುತಿಸುತ್ತವೆ. ವಿಶ್ವಸಂಸ್ಥೆಯ 79ನೇ ವಾಹನ ನಿಯಮದಂತೆ ಕೈ ಬಿಟ್ಟ 15 ಸೆಕೆಂಡಿನೊಳಗೆ ಪರದೆಯಲ್ಲಿ ಎಚ್ಚರಿಕೆ ಬರಬೇಕು. 100ರ ವೇಗದಲ್ಲಿ 15 ಸೆಕೆಂಡ್ ಅಂದರೆ 400 ಮೀಟರಿಗೂ ಹೆಚ್ಚು. ಅಷ್ಟು ದೂರ ಯಾರೂ ಹಿಡಿಯದ ಗಾಡಿ ಹೋಗಬಹುದು. ಅದಕ್ಕಿಂತ ಒಳ್ಳೆಯದು ಮುಖಕ್ಕೆ ತಿರುಗಿಸಿಟ್ಟ ಕ್ಯಾಮೆರಾ. ಅದು ಕಣ್ಣು ಎತ್ತ ನೋಡುತ್ತಿದೆ ಎಂದೇ ಗಮನಿಸುತ್ತದೆ. ಕೈ ಇಟ್ಟೂ ಮನಸ್ಸು ಎಲ್ಲೋ ಇರಬಹುದು, ಕಣ್ಣು ಅಷ್ಟು ಸುಲಭವಾಗಿ ಸುಳ್ಳು ಹೇಳುವುದಿಲ್ಲ. ಸ್ಟೀರಿಂಗಿಗೆ ತೂಕ ಕಟ್ಟಿ, ಕೈಯ ಬಲ ಅಳೆಯುವ ವ್ಯವಸ್ಥೆಗೆ ಮೋಸ ಮಾಡುವವರಿದ್ದಾರೆ. ದಯವಿಟ್ಟು ಬೇಡ. ಆ ಎಚ್ಚರಿಕೆ ಇರುವುದು ಕಾರಿಗಾಗಿ ಅಲ್ಲ, ಹಿಂದಿನ ಸೀಟಿನಲ್ಲಿ ಮಲಗಿರುವವರಿಗಾಗಿ.

ನನಗೆ ಸರಿಹೊಂದಿರುವ ಕ್ರಮ ಹೇಳುತ್ತೇನೆ. ನೇರ ರಸ್ತೆ, ಸ್ಪಷ್ಟ ಗೆರೆ, ಹಗಲು ಇದ್ದರೆ ಕ್ರೂಸ್, ಲೇನ್ ಸೆಂಟರಿಂಗ್ ಎರಡೂ ಆನ್. ಕೈ ಸ್ಟೀರಿಂಗ್ ಮೇಲೆ ಹಗುರವಾಗಿ ಇದ್ದೇ ಇರುತ್ತದೆ, ಅದು ತಿರುಗುವುದು ಅಂಗೈಗೆ ತಿಳಿಯುವಷ್ಟು. ಸ್ವಲ್ಪ ಹೊತ್ತಿಗೊಮ್ಮೆ ಲೇನ್ ಸೆಂಟರಿಂಗ್ ಆಫ್ ಮಾಡಿ ನಾನೇ ಓಡಿಸುತ್ತೇನೆ. ಮೈಮನಸ್ಸು ಮತ್ತೆ ಕೆಲಸಕ್ಕೆ ಬರುತ್ತವೆ. ಕಾಮಗಾರಿ ಜಾಗ, ದಟ್ಟ ಸಂಚಾರ, ಜೋರು ಮಳೆ ಬಂದರೆ ಎರಡೂ ಆಫ್. ನೀರು ನಿಂತ ರಸ್ತೆಯಲ್ಲಿ ಟೈರು ಹಿಡಿತ ತಪ್ಪುವುದು ಮೊದಲು ಕಾಲಿಗೆ, ಕೈಗೆ ತಿಳಿಯುತ್ತದೆ. ಕ್ರೂಸ್ ಹಾಕಿದ್ದರೆ ಆ ಸುಳಿವು ತಡವಾಗಿ ಸಿಗುತ್ತದೆ.

ನಿದ್ದೆಗೆ ಮಾತ್ರ ಯಾವ ಸೌಲಭ್ಯವೂ ಮದ್ದಲ್ಲ. ನಡುರಾತ್ರಿಯಿಂದ ನಸುಕಿನವರೆಗೆ ಮತ್ತು ಮಧ್ಯಾಹ್ನದ ಹೊತ್ತು ದೇಹ ತಾನಾಗಿ ತೂಕಡಿಕೆಗೆ ಜಾರುತ್ತದೆ. ಕೆಲಸ ಕಡಿಮೆ ಇದ್ದರೆ ಇನ್ನೂ ಬೇಗ. ಪರದೆಯಲ್ಲಿ ವಿಶ್ರಾಂತಿಯ ಸೂಚನೆ ಬಂದರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ 15-20 ನಿಮಿಷ ಕಣ್ಣು ಮುಚ್ಚಿ. ಸೂಚನೆ ಬರದಿದ್ದರೂ ಎರಡು ಗಂಟೆಗೊಮ್ಮೆ ಇಳಿಯಿರಿ.

ಪರದೆಯ ಸಣ್ಣ ಚಿತ್ರ, ಗ್ಲಾಸಿನ ಒಂದು ಡಿಗ್ರಿ

ಸ್ಪೀಡೋಮೀಟರ್ ಪಕ್ಕದ ಪುಟ್ಟ ಸ್ಟೀರಿಂಗ್ ಚಿತ್ರವನ್ನು ಆಗಾಗ ನೋಡುವ ಅಭ್ಯಾಸ ಮಾಡಿಕೊಳ್ಳಿ. ಹಲವು ಕಾರುಗಳಲ್ಲಿ ಗೆರೆ ಸಿಗದೆ ಹೋದರೆ ಲೇನ್ ಸೆಂಟರಿಂಗ್ ಸದ್ದಿಲ್ಲದೆ ಕೈಬಿಡುತ್ತದೆ. ಹಸಿರಿದ್ದ ಚಿತ್ರ ಬೂದುಬಣ್ಣಕ್ಕೆ ತಿರುಗುತ್ತದೆ, ಅಷ್ಟೇ. ಕ್ರೂಸ್ ಮಾತ್ರ ನಡೆಯುತ್ತಲೇ ಇರುತ್ತದೆ. ವೇಗ ಕಡಿಮೆಯಾಗದ ಕಾರಣ ಎಲ್ಲವೂ ಆನ್ ಇದೆ ಎಂದೇ ನಮಗನ್ನಿಸುತ್ತದೆ. ಬ್ರೇಕ್ ಒತ್ತಿದಾಗ ಕ್ರೂಸ್ ಮಾತ್ರ ಹೋಗುತ್ತದೋ, ಸ್ಟೀರಿಂಗ್ ಸಹಾಯವೂ ಹೋಗುತ್ತದೋ ಅನ್ನುವುದೂ ಕಾರಿನಿಂದ ಕಾರಿಗೆ ಬೇರೆ. ಬಾಡಿಗೆ ಕಾರು ಹತ್ತಿದರೆ ಹೊರಡುವ ಮೊದಲೇ ಇದನ್ನು ಓದಿಕೊಳ್ಳಿ.

ಹೊರಡುವ ಮುನ್ನ ಕನ್ನಡಿ ಹಿಂದಿನ ಗ್ಲಾಸನ್ನೂ ರೇಡಾರ್ ಇರುವ ಜಾಗವನ್ನೂ ಒರೆಸಿ. ಹುಳು, ಕೆಸರು ಮೆತ್ತಿಕೊಂಡರೆ ಅವು ಕುರುಡಾಗುತ್ತವೆ. ಮುಂದಿನ ಗ್ಲಾಸ್ ಬದಲಿಸಿದ್ದರೆ, ಬಂಪರ್ ರಿಪೇರಿ ಆಗಿದ್ದರೆ ಕ್ಯಾಲಿಬ್ರೇಷನ್, ಅಂದರೆ ಕ್ಯಾಮೆರಾ, ರೇಡಾರ್ ಸರಿಯಾದ ದಿಕ್ಕಿಗೆ ನೋಡುವಂತೆ ಮತ್ತೆ ಹೊಂದಿಸುವ ಕೆಲಸ, ಮಾಡಿಸಲೇಬೇಕು. ಕ್ಯಾಮೆರಾ ಒಂದೇ ಒಂದು ಡಿಗ್ರಿ ಪಕ್ಕಕ್ಕೆ ತಿರುಗಿ ಕೂತಿದ್ದರೂ 100 ಮೀಟರ್ ಮುಂದೆ ಅದರ ಲೆಕ್ಕ 1.75 ಮೀಟರ್ ತಪ್ಪುತ್ತದೆ. ಮೂರೂವರೆ ಮೀಟರ್ ಅಗಲದ ಲೇನಿನಲ್ಲಿ ಅದು ಸರಿಯಾಗಿ ಅರ್ಧ ಲೇನ್. ಗ್ಯಾರೇಜಿನವರು ಗಾಡಿ ವಾಪಸ್ ಕೊಡುವಾಗ ಕ್ಯಾಲಿಬ್ರೇಷನ್ ರಿಪೋರ್ಟ್ ಕೇಳಿ ತಗೊಳ್ಳಿ.